ಒಯ್ಯಬಲ್ಲ ಮೀನುಶೋಧಕದ ಬ್ಯಾಟರಿ

ಒಯ್ಯಬಲ್ಲ ಮೀನುಶೋಧಕದ ಬ್ಯಾಟರಿ ಎಂದರೆ ದೋಣಿಗೆ ಶಾಶ್ವತವಾಗಿ ಜೋಡಿಸದೆ ಕೈಯಲ್ಲಿ ಒಯ್ಯುವ ಮೀನುಶೋಧಕಕ್ಕೆ ವಿದ್ಯುತ್ ಒದಗಿಸುವ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ವಿದ್ಯುತ್ಕೋಶಗಳ ಸಮೂಹ. ಫಿಶ್ ಫೈಂಡರ್ ಎಂದೇ ಬಳಕೆಯಲ್ಲಿರುವ ಈ ಸಾಧನವು ಶಬ್ದತರಂಗಗಳ ಪ್ರತಿಧ್ವನಿಯಿಂದ ನೀರಿನ ಆಳ, ತಳದ ಸ್ವರೂಪ ಹಾಗೂ ಮೀನುಗಳ ಇರುವಿಕೆಯನ್ನು ಪರದೆಯ ಮೇಲೆ ತೋರಿಸುತ್ತದೆ. ಮಂಗಳೂರು, ಮಲ್ಪೆಯ ಯಾಂತ್ರೀಕೃತ ದೋಣಿಗಳಲ್ಲಿ ಎಂಜಿನ್‌ನಿಂದ ಚಾರ್ಜ್ ಆಗುವ ಬ್ಯಾಟರಿಗಳೇ ಇದಕ್ಕೆ ವಿದ್ಯುತ್ ಒದಗಿಸುತ್ತವೆ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಂತಹ ಒಳನಾಡಿನಲ್ಲಿ ಸಣ್ಣ ದೋಣಿ, ತೆಪ್ಪ ಅಥವಾ ದಡದಿಂದ ಬಳಸುವಾಗ ಪ್ರತ್ಯೇಕ ಬ್ಯಾಟರಿಯನ್ನೇ ಒಯ್ಯಬೇಕಾಗುತ್ತದೆ. ಬ್ಯಾಟರಿಯ ಆಯ್ಕೆಯಲ್ಲಿ ವೋಲ್ಟೇಜ್, ಸಾಮರ್ಥ್ಯ, ತೂಕ, ಸುರಕ್ಷತೆ ಮತ್ತು ಬಾಳಿಕೆ ಎಂಬ ಐದು ಅಂಶಗಳು ಮುಖ್ಯವಾಗುತ್ತವೆ.

## ಕಾರ್ಯವಿಧಾನ ಮತ್ತು ವಿದ್ಯುತ್ತಿನ ಬಳಕೆ

ಮೀನುಶೋಧಕದಲ್ಲಿ ಎರಡು ಪ್ರಮುಖ ಭಾಗಗಳಿವೆ. ನೀರಿನಲ್ಲಿ ಮುಳುಗಿರುವ ಟ್ರಾನ್ಸ್‌ಡ್ಯೂಸರ್ ವಿದ್ಯುತ್ ಸ್ಪಂದನವನ್ನು ಶಬ್ದತರಂಗವಾಗಿಯೂ, ಮರಳಿ ಬಂದ ಪ್ರತಿಧ್ವನಿಯನ್ನು ವಿದ್ಯುತ್ ಸಂಕೇತವಾಗಿಯೂ ಪರಿವರ್ತಿಸುತ್ತದೆ. ಮೇಲಿರುವ ಪರದೆಯ ಘಟಕವು ಆ ಸಂಕೇತವನ್ನು ಚಿತ್ರವಾಗಿ ಮೂಡಿಸುತ್ತದೆ. ಸಿಹಿನೀರಿನಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 1,480 ಮೀಟರ್. ಆದ್ದರಿಂದ 5 ಮೀಟರ್ ಆಳದ ತಳಕ್ಕೆ ಹೋಗಿ ಮರಳಲು ತರಂಗಕ್ಕೆ ಸುಮಾರು 6.8 ಮಿಲಿಸೆಕೆಂಡು ಸಾಕು. ಈ ಕಾಲವನ್ನು ಅಳೆದು ಸಾಧನವು ಆಳವನ್ನು ಲೆಕ್ಕ ಹಾಕುತ್ತದೆ.

ಶಬ್ದಸ್ಪಂದನದ ಶಕ್ತಿಯನ್ನು ನೂರಾರು ವ್ಯಾಟ್‌ಗಳೆಂದು ನಮೂದಿಸಿದ್ದರೂ ಅದು ಅತಿ ಕಿರಿದಾದ ಅವಧಿಯಲ್ಲಿ ಮಾತ್ರ ಹೊಮ್ಮುತ್ತದೆ. ಹೀಗಾಗಿ ಸರಾಸರಿ ಬಳಕೆ ಕಡಿಮೆ. ವಿದ್ಯುತ್ತಿನ ಹೆಚ್ಚಿನ ಪಾಲು ವ್ಯಯವಾಗುವುದು ಪರದೆಯ ಬೆಳಕಿಗೆ. 4ರಿಂದ 5 ಅಂಗುಲ ಪರದೆಯ ಸಾಧನಗಳು 12 ವೋಲ್ಟ್‌ನಲ್ಲಿ ಸಾಮಾನ್ಯವಾಗಿ 0.25 ಆಂಪಿಯರ್ ಆಸುಪಾಸಿನಲ್ಲಿ, 7 ಅಂಗುಲದವು 0.5ರಿಂದ 1 ಆಂಪಿಯರ್‌ವರೆಗೆ, 9 ಅಂಗುಲಕ್ಕಿಂತ ದೊಡ್ಡವು 1 ಆಂಪಿಯರ್‌ಗೂ ಮಿಕ್ಕಿ ಬಳಸುತ್ತವೆ. ಬಿಸಿಲಿನಲ್ಲಿ ಚಿತ್ರ ಕಾಣಲೆಂದು ಬೆಳಕನ್ನು ಗರಿಷ್ಠ ಮಟ್ಟಕ್ಕೆ ಏರಿಸಿದಾಗ ಬಳಕೆಯೂ ಏರುತ್ತದೆ.

## ಇತಿಹಾಸ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಪಾಲ್ ಲ್ಯಾಂಜೆವಿನ್ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಸ್ಫಟಿಕಶಿಲೆಯ ಹರಳುಗಳಿಂದ ಶ್ರವಣಾತೀತ ತರಂಗಗಳನ್ನು ಹೊಮ್ಮಿಸಿದರು. 1948ರಲ್ಲಿ ಜಪಾನಿನ ಫುರುನೊ ಸಹೋದರರು ಪ್ರತಿಧ್ವನಿ ತಂತ್ರವನ್ನು ಮೀನುಗಾರಿಕೆಗೆ ಅಳವಡಿಸಿ ವಾಣಿಜ್ಯ ಬಳಕೆಯ ಮೀನುಶೋಧಕವನ್ನು ಸಿದ್ಧಪಡಿಸಿದರು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಲೊರೆನ್ಸ್ ಸಂಸ್ಥೆಯು ಹವ್ಯಾಸಿಗಳು ಕೈಯಲ್ಲಿ ಒಯ್ಯಬಹುದಾದ ಹಸಿರು ಪೆಟ್ಟಿಗೆಯ ಮಾದರಿಯನ್ನು ಮಾರುಕಟ್ಟೆಗೆ ತಂದಿತು.

ಬ್ಯಾಟರಿಯ ಇತಿಹಾಸ ಇದಕ್ಕಿಂತ ಹಳೆಯದು. ಚಾರ್ಜ್ ಮಾಡಬಹುದಾದ ಸೀಸ-ಆಮ್ಲ ಕೋಶವನ್ನು ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದನು. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ ಸಂಸ್ಥೆ 1991ರಲ್ಲಿ ಮಾರುಕಟ್ಟೆಗೆ ತಂದಿತು. ಲಿಥಿಯಂ ಕಬ್ಬಿಣ ಫಾಸ್ಫೇಟನ್ನು ವಿದ್ಯುದ್ವಾರದ ವಸ್ತುವಾಗಿ ಬಳಸಬಹುದೆಂದು 1990ರ ದಶಕದ ಮಧ್ಯಭಾಗದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಜಾನ್ ಗುಡ್‌ಇನಫ್ ಅವರ ತಂಡ ತೋರಿಸಿಕೊಟ್ಟಿತು. ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು.

## ಪುತ್ತೂರು, ಸುಳ್ಯ, ಕಡಬದ ಜಲಪರಿಸರ

ಈ ಮೂರು ತಾಲೂಕುಗಳು ಪಶ್ಚಿಮಘಟ್ಟದ ತಪ್ಪಲಿನಲ್ಲಿವೆ. ಕುಮಾರಪರ್ವತದ ಕಡೆಯಿಂದ ಇಳಿಯುವ ಕುಮಾರಧಾರಾ ನದಿಯು ಸುಬ್ರಹ್ಮಣ್ಯವನ್ನು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಕೊಡಗಿನ ಗಡಿಬೆಟ್ಟಗಳಿಂದ ಬರುವ ಪಯಸ್ವಿನಿಯು ಸುಳ್ಯದ ಮೂಲಕ ಕಾಸರಗೋಡು ಜಿಲ್ಲೆಗೆ ಹರಿದು ಚಂದ್ರಗಿರಿ ಎಂಬ ಹೆಸರಿನಲ್ಲಿ ಸಮುದ್ರ ಸೇರುತ್ತದೆ. ನೈಋತ್ಯ ಮುಂಗಾರಿನಲ್ಲಿ ತುಂಬಿ ಹರಿಯುವ ಈ ಹೊಳೆಗಳು ಬೇಸಿಗೆಯಲ್ಲಿ ಬಂಡೆಗಳ ನಡುವಿನ ಗುಂಡಿಗಳಿಗೂ ಕಿಂಡಿ ಅಣೆಕಟ್ಟುಗಳ ಹಿನ್ನೀರಿಗೂ ಸೀಮಿತವಾಗುತ್ತವೆ.

ಇಂತಹ ನೀರಿನಲ್ಲಿ ಆಳವು ಬಹುತೇಕ ಕೆಲವೇ ಮೀಟರುಗಳಷ್ಟಿರುತ್ತದೆ. ಆದ್ದರಿಂದ ಆಳಸಮುದ್ರಕ್ಕೆ ಬೇಕಾದ ಹೆಚ್ಚು ಶಕ್ತಿಯ, ಕಡಿಮೆ ಆವರ್ತನದ ಸಾಧನ ಇಲ್ಲಿ ಅನಗತ್ಯ. 200 ಕಿಲೋಹರ್ಟ್ಸ್ ಅಥವಾ ಅದಕ್ಕಿಂತ ಹೆಚ್ಚಿನ ಆವರ್ತನದ ಸಣ್ಣ ಸಾಧನ ಸಾಕಾಗುತ್ತದೆ. ಸಾಧನ ಚಿಕ್ಕದಾದಷ್ಟೂ ಬ್ಯಾಟರಿಯೂ ಚಿಕ್ಕದಾಗಬಹುದು. ಹೊಳೆಯ ದಡಕ್ಕೆ ತೋಟದ ಕಾಲುದಾರಿಯಲ್ಲಿ ನಡೆದೇ ಇಳಿಯಬೇಕಾದ ಸ್ಥಳಗಳಲ್ಲಿ ತೂಕವು ವೋಲ್ಟೇಜಿನಷ್ಟೇ ಮುಖ್ಯವಾಗುತ್ತದೆ.

ಮೀನು ಹುಡುಕುವುದರ ಜೊತೆಗೆ ಇದೇ ಸಾಧನವನ್ನು ಕೃಷಿಹೊಂಡದ ಆಳ ಅಳೆಯಲು, ಅಣೆಕಟ್ಟಿನ ಹಿನ್ನೀರಿನಲ್ಲಿ ಹೂಳು ತುಂಬಿರುವುದನ್ನು ಅಂದಾಜಿಸಲು ಮತ್ತು ನೀರಿನಡಿಯ ಬಂಡೆಗಳನ್ನು ಗುರುತಿಸಲು ಬಳಸಬಹುದು.

## ವೋಲ್ಟೇಜಿನ ಹೊಂದಾಣಿಕೆ

ಹೆಚ್ಚಿನ ಮೀನುಶೋಧಕಗಳನ್ನು 12 ವೋಲ್ಟ್ ನೇರ ವಿದ್ಯುತ್ತಿಗಾಗಿ ರಚಿಸಲಾಗಿದೆ. ಆದರೆ ಸಾಧನವು ಸಹಿಸಬಲ್ಲ ಕನಿಷ್ಠ ಮತ್ತು ಗರಿಷ್ಠ ವೋಲ್ಟೇಜ್ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಹಲವು ಮಾದರಿಗಳಲ್ಲಿ ಕನಿಷ್ಠ ಮಿತಿ 9 ಅಥವಾ 10 ವೋಲ್ಟ್, ಗರಿಷ್ಠ ಮಿತಿ 17ರಿಂದ 20 ವೋಲ್ಟ್ ಇರುತ್ತದೆ. ಕೈಪಿಡಿಯಲ್ಲಿರುವ ಈ ಮಿತಿಯನ್ನು ಬ್ಯಾಟರಿಯ ಹೆಸರಿನ ವೋಲ್ಟೇಜಿನೊಂದಿಗೆ ಮಾತ್ರ ಹೋಲಿಸಿದರೆ ಸಾಲದು. ಪೂರ್ಣ ಚಾರ್ಜ್ ಆದಾಗಿನ ಮತ್ತು ಬರಿದಾಗುವಾಗಿನ ವೋಲ್ಟೇಜುಗಳೆರಡೂ ಮಿತಿಯೊಳಗೇ ಇರಬೇಕು.

ಮರಗೆಲಸದ ಡ್ರಿಲ್ ಯಂತ್ರಗಳ ಬ್ಯಾಟರಿ ಇದಕ್ಕೆ ಉತ್ತಮ ನಿದರ್ಶನ. 12 ವೋಲ್ಟ್ ಎಂದು ಮಾರಾಟವಾಗುವ ಡ್ರಿಲ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 3 ಲಿಥಿಯಂ ಕೋಶಗಳಿದ್ದು, ಪೂರ್ಣ ಚಾರ್ಜ್‌ನಲ್ಲಿ 12.6 ವೋಲ್ಟ್ ಇದ್ದರೂ ಬಳಕೆಯ ಕೊನೆಯ ಹಂತದಲ್ಲಿ 10 ವೋಲ್ಟಿಗಿಂತ ಕೆಳಗಿಳಿಯುತ್ತದೆ. ಆಗ ಶಕ್ತಿ ಉಳಿದಿದ್ದರೂ ಮೀನುಶೋಧಕ ಆರಿಹೋಗಬಹುದು. 18 ವೋಲ್ಟ್‌ನ ಡ್ರಿಲ್ ಬ್ಯಾಟರಿಯು 5 ಕೋಶಗಳದ್ದಾಗಿದ್ದು ಪೂರ್ಣ ಚಾರ್ಜ್‌ನಲ್ಲಿ 21 ವೋಲ್ಟ್ ತಲುಪುತ್ತದೆ. ಇದನ್ನು ನೇರವಾಗಿ ಜೋಡಿಸಿದರೆ ಸಾಧನವೇ ಸುಟ್ಟುಹೋಗುವ ಅಪಾಯವಿದೆ.

## ಸಾಮರ್ಥ್ಯದ ಲೆಕ್ಕ

ಬ್ಯಾಟರಿಯ ಸಾಮರ್ಥ್ಯವನ್ನು ಆಂಪಿಯರ್-ಗಂಟೆಗಳಲ್ಲಿ ಹೇಳಲಾಗುತ್ತದೆ. ಸಾಧನದ ಸರಾಸರಿ ವಿದ್ಯುತ್ ಪ್ರವಾಹವನ್ನು ಬಳಕೆಯ ಗಂಟೆಗಳಿಂದ ಗುಣಿಸಿದರೆ ಅಗತ್ಯವಾದ ಮೊತ್ತ ದೊರೆಯುತ್ತದೆ. ಆ ಮೊತ್ತವನ್ನು ಬ್ಯಾಟರಿಯಿಂದ ನಿಶ್ಚಿಂತೆಯಾಗಿ ಬಳಸಬಹುದಾದ ಪಾಲಿನಿಂದ ಭಾಗಿಸಬೇಕು. ಸೀಸ-ಆಮ್ಲ ಬ್ಯಾಟರಿಯಲ್ಲಿ ಬಾಳಿಕೆಯ ದೃಷ್ಟಿಯಿಂದ ಅರ್ಧ ಭಾಗವನ್ನು, ಲಿಥಿಯಂ ಕಬ್ಬಿಣ ಫಾಸ್ಫೇಟಿನಲ್ಲಿ ಶೇಕಡ 80 ಭಾಗವನ್ನು ಲೆಕ್ಕಕ್ಕೆ ಹಿಡಿಯುವುದು ರೂಢಿ.

ಉದಾಹರಣೆಗೆ, 0.5 ಆಂಪಿಯರ್ ಬಳಸುವ ಸಾಧನವನ್ನು ದಿನಕ್ಕೆ 8 ಗಂಟೆ ನಡೆಸಲು 4 ಆಂಪಿಯರ್-ಗಂಟೆ ಬೇಕು. ಸೀಸ-ಆಮ್ಲದಲ್ಲಿ ಇದಕ್ಕೆ 8 ಆಂಪಿಯರ್-ಗಂಟೆಯ, ಲಿಥಿಯಂ ಕಬ್ಬಿಣ ಫಾಸ್ಫೇಟಿನಲ್ಲಿ 5 ಆಂಪಿಯರ್-ಗಂಟೆಯ ಬ್ಯಾಟರಿ ಆಗಬೇಕಾಗುತ್ತದೆ. 0.25 ಆಂಪಿಯರ್‌ನ ಸಣ್ಣ ಸಾಧನಕ್ಕೆ ಇದರ ಅರ್ಧ ಸಾಕು. ಬ್ಯಾಟರಿ ಹಳತಾದಂತೆ ಸಾಮರ್ಥ್ಯ ಕುಗ್ಗುವುದರಿಂದ ಲೆಕ್ಕಕ್ಕಿಂತ ತುಸು ದೊಡ್ಡದನ್ನು ಆರಿಸಲಾಗುತ್ತದೆ.

ಸೀಸ-ಆಮ್ಲ ಬ್ಯಾಟರಿಯ ಮೇಲೆ ನಮೂದಿಸಿದ ಸಾಮರ್ಥ್ಯವು ಸಾಮಾನ್ಯವಾಗಿ 20 ಗಂಟೆಗಳ ನಿಧಾನ ಬಳಕೆಗೆ ಅನ್ವಯಿಸುತ್ತದೆ. ಹೆಚ್ಚು ಪ್ರವಾಹ ಎಳೆದಷ್ಟೂ ದೊರೆಯುವ ಸಾಮರ್ಥ್ಯ ಕಡಿಮೆಯಾಗುತ್ತದೆ. ಜರ್ಮನಿಯ ಪ್ಯೂಕರ್ಟ್ 1897ರಲ್ಲಿ ಈ ಸಂಬಂಧವನ್ನು ಸೂತ್ರರೂಪದಲ್ಲಿ ಹೇಳಿದನು. ಮೀನುಶೋಧಕದ ಪ್ರವಾಹ ಸ್ವಲ್ಪವೇ ಆದ್ದರಿಂದ ಇಲ್ಲಿ ಈ ನಷ್ಟವು ದೊಡ್ಡದಲ್ಲ.

## ಬ್ಯಾಟರಿಯ ಬಗೆಗಳು

| ಬಗೆ | ಹೆಸರಿನ ವೋಲ್ಟೇಜ್ | ಪೂರ್ಣ ಚಾರ್ಜ್ ಮಿತಿ | 7 ಆಂಪಿಯರ್-ಗಂಟೆಯ ಅಂದಾಜು ತೂಕ |
|---|---|---|---|
| ಮುಚ್ಚಿದ ಸೀಸ-ಆಮ್ಲ, 6 ಕೋಶ | 12 | 14.4–14.7 | 2–2.5 ಕಿಲೋಗ್ರಾಂ |
| ಲಿಥಿಯಂ ಕಬ್ಬಿಣ ಫಾಸ್ಫೇಟ್, 4 ಕೋಶ | 12.8 | 14.6 | 1 ಕಿಲೋಗ್ರಾಂ ಆಸುಪಾಸು |
| ಸಾಮಾನ್ಯ ಲಿಥಿಯಂ ಅಯಾನ್, 3 ಕೋಶ | 11.1 | 12.6 | ಅರ್ಧ ಕಿಲೋಗ್ರಾಂ ಆಸುಪಾಸು |

### ಮುಚ್ಚಿದ ಸೀಸ-ಆಮ್ಲ ಬ್ಯಾಟರಿ

ಕಂಪ್ಯೂಟರಿನ ಯುಪಿಎಸ್‌ಗಳಲ್ಲಿ ಬಳಕೆಯಾಗುವ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ ಈ ಬಗೆಯದು. ಬೆಲೆ ಕಡಿಮೆ, ಸಣ್ಣ ಪೇಟೆಗಳಲ್ಲೂ ಸುಲಭವಾಗಿ ದೊರೆಯುತ್ತದೆ ಮತ್ತು ಬೆಂಕಿಯ ಅಪಾಯ ಕಡಿಮೆ. ತೂಕ ಹೆಚ್ಚು ಎಂಬುದು ಇದರ ಮುಖ್ಯ ಕೊರತೆ. ಪೂರ್ತಿ ಬರಿದಾಗಿಸುತ್ತ ಬಳಸಿದರೆ ಇನ್ನೂರು ಮುನ್ನೂರು ಆವರ್ತನಗಳಲ್ಲಿ ದುರ್ಬಲವಾಗುತ್ತದೆ. ಬರಿದಾದ ಸ್ಥಿತಿಯಲ್ಲಿ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟಿನ ಗಟ್ಟಿ ಹರಳುಗಳು ಕೂಡಿ ಸಾಮರ್ಥ್ಯವು ಶಾಶ್ವತವಾಗಿ ನಷ್ಟವಾಗುತ್ತದೆ.

ಅಡಿಕೆ ಮತ್ತು ತರಕಾರಿ ಬೆಳೆಗಾರರ ಬಳಿಯಿರುವ ಬೆನ್ನಿಗೇರಿಸುವ ಬ್ಯಾಟರಿಚಾಲಿತ ಸಿಂಪಡಣಾ ಯಂತ್ರಗಳಲ್ಲಿಯೂ ಬಹುಪಾಲು 12 ವೋಲ್ಟ್, 8 ಆಂಪಿಯರ್-ಗಂಟೆಯ ಇದೇ ಬಗೆಯ ಬ್ಯಾಟರಿ ಇರುತ್ತದೆ. ಮೀನುಶೋಧಕದ ಬಳಕೆ ಮುಖ್ಯವಾಗಿ ಬೇಸಿಗೆಯಲ್ಲಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣದ ಸಿಂಪಡಣೆ ಮಳೆಗಾಲದಲ್ಲಿ. ಹಾಗಾಗಿ ಒಂದೇ ಬ್ಯಾಟರಿಯನ್ನು ಎರಡಕ್ಕೂ ಬಳಸಿದರೆ ಅದು ವರ್ಷದ ಯಾವ ಕಾಲದಲ್ಲೂ ಚಾರ್ಜ್ ಕಾಣದೆ ಮೂಲೆ ಸೇರುವುದಿಲ್ಲ. ಹೀಗೆ ಬಳಸುವಾಗ ಬ್ಯಾಟರಿಯ ತುದಿಗಳಿಗೆ ತಗುಲಿದ ಮೈಲುತುತ್ತದ ಅಂಶವನ್ನು ಒರಸಿ ಒಣಗಿಸಬೇಕು.

### ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ

ಒಯ್ಯಬಲ್ಲ ಮೀನುಶೋಧಕಗಳಿಗೆ ಇಂದು ಹೆಚ್ಚು ಸೂಕ್ತವೆಂದು ಪರಿಗಣಿಸಲಾಗುವ ಬಗೆ ಇದು. 4 ಕೋಶಗಳ ಒಟ್ಟು ವೋಲ್ಟೇಜ್ 12 ವೋಲ್ಟಿನ ಸಾಧನಗಳಿಗೆ ಸಹಜವಾಗಿ ಹೊಂದುತ್ತದೆ. ಸೀಸ-ಆಮ್ಲದ ಅರ್ಧಕ್ಕಿಂತ ಕಡಿಮೆ ತೂಕ, ಎರಡು ಸಾವಿರಕ್ಕೂ ಮಿಕ್ಕಿದ ಆವರ್ತನಗಳ ಬಾಳಿಕೆ ಮತ್ತು ಇತರ ಲಿಥಿಯಂ ಬಗೆಗಳಿಗಿಂತ ಹೆಚ್ಚಿನ ಉಷ್ಣಸ್ಥಿರತೆ ಇದರ ಗುಣಗಳು. ಆರಂಭದ ಬೆಲೆ ಹೆಚ್ಚು.

ಇದರ ವೋಲ್ಟೇಜ್ ಬಳಕೆಯ ಬಹುಭಾಗದಲ್ಲಿ 13 ವೋಲ್ಟಿನ ಆಸುಪಾಸಿನಲ್ಲೇ ನಿಂತು, ಕೊನೆಯಲ್ಲಿ ಥಟ್ಟನೆ ಕುಸಿಯುತ್ತದೆ. ಆದ್ದರಿಂದ ಮೀನುಶೋಧಕದ ಪರದೆಯಲ್ಲಿ ಕಾಣುವ ವೋಲ್ಟೇಜನ್ನು ನೋಡಿ ಉಳಿದ ಶಕ್ತಿಯನ್ನು ಅಂದಾಜಿಸುವುದು ಕಷ್ಟ. ಸೀಸ-ಆಮ್ಲದಲ್ಲಿ ಬಳಕೆಯಿಲ್ಲದ ಸ್ಥಿತಿಯಲ್ಲಿ 12.7 ವೋಲ್ಟ್ ಪೂರ್ಣವನ್ನೂ 12.2 ವೋಲ್ಟ್ ಸುಮಾರು ಅರ್ಧವನ್ನೂ ಸೂಚಿಸುವಂತಹ ಅನುಕೂಲ ಇಲ್ಲಿಲ್ಲ. ಬಂಡೆಗಳಿರುವ ಹೊಳೆಯಲ್ಲಿ ಮುಸ್ಸಂಜೆ ದೋಣಿಯನ್ನು ಮರಳಿ ತರುವಾಗ ಆಳದ ಸೂಚಕವು ಮುನ್ಸೂಚನೆಯಿಲ್ಲದೆ ಆರಿದರೆ ಅಪಾಯವಾಗಬಹುದು. ಬಳಸಿದ ಗಂಟೆಗಳ ಲೆಕ್ಕ ಇಡುವುದು ಇದಕ್ಕೆ ಸರಳ ಪರಿಹಾರ.

### ಸಾಮಾನ್ಯ ಲಿಥಿಯಂ ಅಯಾನ್ ಬ್ಯಾಟರಿ

ಲ್ಯಾಪ್‌ಟಾಪ್ ಮತ್ತು ಡ್ರಿಲ್‌ಗಳಲ್ಲಿರುವ ಈ ಬಗೆಯು ಎಲ್ಲಕ್ಕಿಂತ ಹಗುರ. ಆದರೆ ಜಜ್ಜಿದಾಗ, ಅತಿಯಾಗಿ ಚಾರ್ಜ್ ಆದಾಗ ಅಥವಾ ಒಳಗೆ ನೀರು ಸೇರಿದಾಗ ಬೆಂಕಿ ಹೊತ್ತುವ ಸಾಧ್ಯತೆ ಹೆಚ್ಚು. ಹಳೆಯ ಲ್ಯಾಪ್‌ಟಾಪ್ ಕೋಶಗಳನ್ನು ಬಿಚ್ಚಿ ರಕ್ಷಣಾ ಮಂಡಲವಿಲ್ಲದೆ ಬೆಸುಗೆ ಹಾಕಿದ ಬ್ಯಾಟರಿಗಳು ದೋಣಿಯ ಬಳಕೆಗೆ ಯೋಗ್ಯವಲ್ಲ.

### ಪವರ್ ಬ್ಯಾಂಕ್ ಮತ್ತು ಸಣ್ಣ ಕೋಶಗಳು

ಮೊಬೈಲಿನ ಪವರ್ ಬ್ಯಾಂಕ್ 5 ವೋಲ್ಟ್ ನೀಡುವುದರಿಂದ 12 ವೋಲ್ಟಿಗೆ ಏರಿಸುವ ಪರಿವರ್ತಕ ಬೇಕು. 10,000 ಮಿಲಿಆಂಪಿಯರ್-ಗಂಟೆ ಎಂಬ ನಮೂದು ಒಳಗಿನ 3.7 ವೋಲ್ಟ್ ಕೋಶಕ್ಕೆ ಸಂಬಂಧಿಸಿದ್ದು. ಅಂದರೆ 37 ವ್ಯಾಟ್-ಗಂಟೆ. ಪರಿವರ್ತನೆಯ ನಷ್ಟ ಕಳೆದು 12 ವೋಲ್ಟ್‌ನಲ್ಲಿ ದೊರೆಯುವುದು ಸುಮಾರು 2.5 ಆಂಪಿಯರ್-ಗಂಟೆ ಮಾತ್ರ. 0.25 ಆಂಪಿಯರ್‌ನ ಸಣ್ಣ ಸಾಧನಕ್ಕೆ ಇದು ಸುಮಾರು 10 ಗಂಟೆಗೆ ಸಾಕಾಗಬಹುದು. ಆದರೆ ಕಳಪೆ ಪರಿವರ್ತಕದ ವಿದ್ಯುತ್ ಗದ್ದಲವು ಪರದೆಯಲ್ಲಿ ಗೀರುಗಳಾಗಿ ಕಾಣಿಸಿ ಮೀನಿನ ಗುರುತುಗಳನ್ನು ಮರೆಮಾಚುತ್ತದೆ.

8 ಸಣ್ಣ ಪೆನ್‌ಸೆಲ್‌ಗಳಿಂದ ನಡೆಯುವ ಸಾಧನಗಳೂ ಇವೆ. 1.5 ವೋಲ್ಟಿನ 8 ಕೋಶಗಳು 12 ವೋಲ್ಟ್ ನೀಡಿದರೆ, ಚಾರ್ಜ್ ಮಾಡಬಹುದಾದ 1.2 ವೋಲ್ಟಿನ ನಿಕಲ್ ಕೋಶಗಳು 9.6 ವೋಲ್ಟ್ ಮಾತ್ರ ನೀಡುತ್ತವೆ. ಇದು ಕೆಲವು ಸಾಧನಗಳ ಕನಿಷ್ಠ ಮಿತಿಗಿಂತ ಕಡಿಮೆ. ಗಾಳದ ದಾರಕ್ಕೆ ಕಟ್ಟಿ ಎಸೆದು ಮೊಬೈಲಿನಲ್ಲಿ ಚಿತ್ರ ನೋಡುವ ಚೆಂಡಿನಾಕಾರದ ಮೀನುಶೋಧಕಗಳಲ್ಲಿ ಬ್ಯಾಟರಿ ಒಳಗೇ ಇರುವುದರಿಂದ ಪ್ರತ್ಯೇಕ ಬ್ಯಾಟರಿಯ ಪ್ರಶ್ನೆ ಏಳುವುದಿಲ್ಲ.

## ಜೋಡಣೆ ಮತ್ತು ಸುರಕ್ಷತೆ

* ಫ್ಯೂಸ್: ಬ್ಯಾಟರಿಯ ಧನ ತುದಿಗೆ ಆದಷ್ಟು ಸಮೀಪದಲ್ಲಿ ಕೈಪಿಡಿ ಸೂಚಿಸಿದ ಫ್ಯೂಸ್ ಇರಬೇಕು. ಸಣ್ಣ ಸಾಧನಗಳಿಗೆ ಇದು ಹೆಚ್ಚಾಗಿ 3 ಆಂಪಿಯರ್‌ನದು. ಸಣ್ಣ ಬ್ಯಾಟರಿಯೂ ತಂತಿಗಳು ತಗುಲಿದಾಗ ತಂತಿಯ ಹೊದಿಕೆ ಕರಗುವಷ್ಟು ಪ್ರವಾಹ ಹರಿಸಬಲ್ಲದು.
* ತಂತಿ: ತೆಳುವಾದ, ಉದ್ದದ ತಂತಿಯಲ್ಲಿ ವೋಲ್ಟೇಜ್ ನಷ್ಟವಾಗುತ್ತದೆ. 0.5 ಚದರ ಮಿಲಿಮೀಟರ್ ತಾಮ್ರದ 3 ಮೀಟರ್ ಜೋಡಿ ತಂತಿಯಲ್ಲಿ 1 ಆಂಪಿಯರ್ ಹರಿದರೆ ಸುಮಾರು 0.2 ವೋಲ್ಟ್ ಕಡಿಮೆಯಾಗುತ್ತದೆ.
* ಧ್ರುವತೆ: ಧನ ಮತ್ತು ಋಣ ತುದಿಗಳು ಅದಲುಬದಲಾಗದಂತೆ ಒಂದೇ ರೀತಿಯಲ್ಲಿ ಮಾತ್ರ ಕೂರುವ ಪ್ಲಗ್ ಬಳಸುವುದು ಒಳಿತು.
* ಪೆಟ್ಟಿಗೆ: ಬ್ಯಾಟರಿಯನ್ನು ಅಲುಗಾಡದಂತೆ ನೀರುನಿರೋಧಕ ಪೆಟ್ಟಿಗೆಯಲ್ಲಿಡಬೇಕು. ಸೀಸ-ಆಮ್ಲ ಬ್ಯಾಟರಿಯು ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರಬಹುದಾದ್ದರಿಂದ ಮುಚ್ಚಿದ ಪೆಟ್ಟಿಗೆಯೊಳಗೆ ಅದನ್ನು ಚಾರ್ಜ್ ಮಾಡಬಾರದು.
* ಚಾರ್ಜರ್: ಪ್ರತಿಯೊಂದು ಬಗೆಗೂ ಅದರದೇ ಚಾರ್ಜರ್ ಬೇಕು. ಸೀಸ-ಆಮ್ಲದ ಚಾರ್ಜರನ್ನು 3 ಕೋಶಗಳ ಲಿಥಿಯಂ ಅಯಾನ್ ಬ್ಯಾಟರಿಗೆ ಜೋಡಿಸಿದರೆ 12.6 ವೋಲ್ಟಿನ ಮಿತಿ ಮೀರಿ ಬೆಂಕಿಗೆ ಕಾರಣವಾಗಬಹುದು.
* ಸಿಡಿಲು: ಏಪ್ರಿಲ್, ಮೇ ತಿಂಗಳ ಅಪರಾಹ್ನಗಳಲ್ಲಿ ಗುಡುಗು ಕೇಳಿಸಿದೊಡನೆ ನೀರಿನಿಂದ ಹೊರಬರುವುದು ಅಗತ್ಯ. ಯಾವ ಫ್ಯೂಸ್ ಕೂಡ ಸಿಡಿಲಿನಿಂದ ರಕ್ಷಣೆ ನೀಡುವುದಿಲ್ಲ.

ವಿಮಾನದಲ್ಲಿ ಒಯ್ಯುವಾಗ ಲಿಥಿಯಂ ಬ್ಯಾಟರಿಗಳಿಗೆ 100 ವ್ಯಾಟ್-ಗಂಟೆಯ ಸಾಮಾನ್ಯ ಮಿತಿಯಿದೆ. ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲಿ ಮಾತ್ರ ಒಯ್ಯಬಹುದು. 12.8 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ 89.6 ವ್ಯಾಟ್-ಗಂಟೆಯದಾಗಿ ಮಿತಿಯೊಳಗಿದೆ. 10 ಆಂಪಿಯರ್-ಗಂಟೆಯದು 128 ವ್ಯಾಟ್-ಗಂಟೆಯಾಗುವುದರಿಂದ ವಿಮಾನ ಸಂಸ್ಥೆಯ ಅನುಮತಿ ಬೇಕಾಗುತ್ತದೆ. ಕೊಲ್ಲಿ ರಾಷ್ಟ್ರಗಳಿಂದ ಊರಿಗೆ ಬರುವವರ ಮೂಲಕ ಬ್ಯಾಟರಿ ತರಿಸುವಾಗ ಈ ಲೆಕ್ಕ ಉಪಯುಕ್ತ.

## ಖರೀದಿಯ ವೇಳೆಯ ಪರೀಕ್ಷೆ

ಭಾರತದಲ್ಲಿ ಮಾರಾಟವಾಗುವ ಒಯ್ಯಬಲ್ಲ ಲಿಥಿಯಂ ಕೋಶ ಮತ್ತು ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 16046 ಮಾನಕದಡಿ ನೋಂದಣಿ ಕಡ್ಡಾಯವಾಗಿದೆ. ಸೀಸ-ಆಮ್ಲ ಬ್ಯಾಟರಿಯಲ್ಲಿ ತಯಾರಿಕೆಯ ತಿಂಗಳನ್ನು ಗಮನಿಸಬೇಕು. ಅಂಗಡಿಯಲ್ಲಿ ದೀರ್ಘಕಾಲ ಚಾರ್ಜ್ ಇಲ್ಲದೆ ಉಳಿದದ್ದು ಹೊಸದಾಗಿ ಕಂಡರೂ ದುರ್ಬಲವಾಗಿರಬಹುದು.

ನಮೂದಿಸಿದ ಸಾಮರ್ಥ್ಯ ನಿಜವೇ ಎಂದು ತಿಳಿಯಲು ವಾಹನದ 12 ವೋಲ್ಟ್, 5 ವ್ಯಾಟ್ ಬಲ್ಬು ಸಾಕು. ಅದು ಸುಮಾರು 0.42 ಆಂಪಿಯರ್ ಎಳೆಯುತ್ತದೆ. ಪೂರ್ಣ ಚಾರ್ಜ್ ಆದ 7 ಆಂಪಿಯರ್-ಗಂಟೆಯ ಹೊಸ ಬ್ಯಾಟರಿಯು ಈ ಬಲ್ಬನ್ನು ಸುಮಾರು 16 ಗಂಟೆ ಬೆಳಗಿಸಬೇಕು. 8 ಗಂಟೆಯಲ್ಲೇ ಆರಿದರೆ ಸಾಮರ್ಥ್ಯ ಅರ್ಧದಷ್ಟು ಮಾತ್ರ ಇದೆ ಎಂದರ್ಥ. ಸೀಸ-ಆಮ್ಲ ಬ್ಯಾಟರಿಯನ್ನು ಹೀಗೆ ಪರೀಕ್ಷಿಸುವಾಗ ವೋಲ್ಟೇಜ್ 10.5ಕ್ಕೆ ಇಳಿದೊಡನೆ ನಿಲ್ಲಿಸಿ ಕೂಡಲೇ ಚಾರ್ಜ್ ಮಾಡಬೇಕು.

## ಮಳೆಗಾಲದ ಸಂಗ್ರಹ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆಗಳು ಅಪಾಯಕಾರಿಯಾಗಿ ಹರಿಯುವುದರಿಂದ ಸಾಧನವು ಬಳಕೆಯಲ್ಲಿರುವುದಿಲ್ಲ. ಬ್ಯಾಟರಿಯ ಆಯುಷ್ಯ ಬಹುಮಟ್ಟಿಗೆ ನಿರ್ಧಾರವಾಗುವುದು ಈ ನಾಲ್ಕು ತಿಂಗಳಲ್ಲಿ. ಸೀಸ-ಆಮ್ಲ ಬ್ಯಾಟರಿಯು ಬಳಸದಿದ್ದರೂ ತಿಂಗಳಿಗೆ ಶೇಕಡ 3ರಿಂದ 5ರಷ್ಟು ಚಾರ್ಜ್ ಕಳೆದುಕೊಳ್ಳುತ್ತದೆ. ಆದ್ದರಿಂದ ಅದನ್ನು ಪೂರ್ಣ ಚಾರ್ಜ್ ಮಾಡಿ ಇರಿಸಿ, ಒಂದೆರಡು ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಬೇಕು. ಲಿಥಿಯಂ ಬ್ಯಾಟರಿಗಳನ್ನು ಇದಕ್ಕೆ ವಿರುದ್ಧವಾಗಿ ಸುಮಾರು ಅರ್ಧ ಚಾರ್ಜ್‌ನಲ್ಲಿ ಇಡುವುದು ಒಳ್ಳೆಯದು. ಎರಡನ್ನೂ ಸಾಧನದಿಂದ ಬೇರ್ಪಡಿಸಿ, ತೇವವಿಲ್ಲದ ಜಾಗದಲ್ಲಿರಿಸಿ, ಲೋಹದ ತುದಿಗಳಿಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿದರೆ ತುಕ್ಕು ತಡೆಯಬಹುದು. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಬಿಡುವುದೂ ಹಾನಿಕರ. ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಮೀರಿ ಪ್ರತಿ 10 ಡಿಗ್ರಿ ಏರಿದಂತೆ ಸೀಸ-ಆಮ್ಲ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧದಷ್ಟು ಕುಗ್ಗುತ್ತದೆ.

## ಕಾನೂನು ಮತ್ತು ಮೀನುಗಳ ರಕ್ಷಣೆ

ಮೀನುಶೋಧಕವು ನೀರಿಗೆ ವಿದ್ಯುತ್ ಹಾಯಿಸುವುದಿಲ್ಲ. ಶಬ್ದತರಂಗವನ್ನು ಮಾತ್ರ ಕಳುಹಿಸುತ್ತದೆ. ಬ್ಯಾಟರಿಗೆ ಇನ್‌ವರ್ಟರ್ ಜೋಡಿಸಿ ನೀರಿಗೆ ವಿದ್ಯುತ್ ಹಾಯಿಸುವ ಪದ್ಧತಿಗೂ ಇದಕ್ಕೂ ಸಂಬಂಧವಿಲ್ಲ. ಆ ಪದ್ಧತಿಯು ಮರಿಮೀನುಗಳನ್ನೂ ಇತರ ಜಲಚರಗಳನ್ನೂ ಕೊಲ್ಲುವುದಲ್ಲದೆ ನೀರಿಗಿಳಿದ ಮನುಷ್ಯರ ಪ್ರಾಣಕ್ಕೂ ಎರವಾಗುತ್ತದೆ. ಸ್ಫೋಟಕ ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿತ್ತು. ಕರ್ನಾಟಕದ ಒಳನಾಡು ಜಲಗಳ ಮೀನುಗಾರಿಕೆಯು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮಕ್ಕೆ ಒಳಪಟ್ಟಿದೆ.

ಸುಳ್ಯ ತಾಲೂಕಿನ ತೊಡಿಕಾನದ ಮಲ್ಲಿಕಾರ್ಜುನ ದೇವಾಲಯದ ಬಳಿಯ ಹೊಳೆಯೂ ನೆರೆಯ ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲಾ ನದಿಯೂ ಮತ್ಸ್ಯತೀರ್ಥಗಳೆಂದು ಹೆಸರಾಗಿವೆ. ಇಲ್ಲಿನ ಮೀನುಗಳನ್ನು ದೇವರ ಮೀನುಗಳೆಂದು ಭಕ್ತರು ಕಾಪಾಡಿಕೊಂಡು ಬಂದಿದ್ದಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಮೀನುಗಳು ಉಳಿದ ಕೆಲವೇ ಗುಂಡಿಗಳಲ್ಲಿ ಆಶ್ರಯ ಪಡೆಯುತ್ತವೆ. ಮುಂದಿನ ಮಳೆಗಾಲದಲ್ಲಿ ಹೊಳೆಯನ್ನು ಮತ್ತೆ ತುಂಬುವ ಸಂತತಿ ಇವುಗಳದೇ. ಮೀನುಶೋಧಕವು ಇಂತಹ ಗುಂಡಿಗಳನ್ನು ಸುಲಭವಾಗಿ ಗುರುತಿಸುವುದರಿಂದ, ಅಲ್ಲಿಯ ಮೀನುಗಳನ್ನೆಲ್ಲ ಹಿಡಿದರೆ ಹೊಳೆಯೇ ಬರಿದಾಗುವ ಅಪಾಯವಿದೆ.

## ವಿಲೇವಾರಿ

ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2022ರ ಆಗಸ್ಟ್‌ನಲ್ಲಿ ಜಾರಿಗೆ ಬಂದು 2001ರ ಹಳೆಯ ನಿಯಮಗಳ ಸ್ಥಾನವನ್ನು ಪಡೆದವು. ಇವುಗಳ ಪ್ರಕಾರ ಬಳಸಿ ಮುಗಿದ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಬಳಕೆದಾರರು ಅವುಗಳನ್ನು ಇತರ ಕಸದಿಂದ ಬೇರ್ಪಡಿಸಿ ಸಂಗ್ರಹಣೆಗೆ ಒಪ್ಪಿಸಬೇಕು. ಸೀಸ-ಆಮ್ಲ ಬ್ಯಾಟರಿಗೆ ಹಳೆಯದನ್ನು ಹಿಂದಿರುಗಿಸಿದರೆ ಹೊಸದರ ಬೆಲೆಯಲ್ಲಿ ಕಡಿತ ನೀಡುವ ರೂಢಿ ಅಂಗಡಿಗಳಲ್ಲಿದೆ. ಉಬ್ಬಿದ ಅಥವಾ ಬಿರುಕು ಬಿಟ್ಟ ಲಿಥಿಯಂ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡದೆ, ಸುಡುವ ವಸ್ತುಗಳಿಂದ ದೂರವಿರಿಸಿ ಸಂಗ್ರಹಣಾ ಕೇಂದ್ರಕ್ಕೆ ಕೊಡಬೇಕು. ಸೀಸ ಮತ್ತು ಗಂಧಕಾಮ್ಲಗಳು ಬಾವಿ ಹಾಗೂ ಹೊಳೆಯ ನೀರನ್ನು ವಿಷಮಯವಾಗಿಸುವುದರಿಂದ ಹಳೆಯ ಬ್ಯಾಟರಿಯನ್ನು ತೋಟದ ಮೂಲೆಯಲ್ಲಿ ಎಸೆಯುವುದಾಗಲಿ, ಮನೆಯಲ್ಲೇ ಒಡೆಯುವುದಾಗಲಿ ಸಲ್ಲದು.